ಇಪ್ಪತ್ತೇಳು ನಿಮಿಷದಲ್ಲಿ ಬರಬೇಕಿರುವ ಅಪ್ಪ

ಮಾನ್ಯರೇ,

ಜಗತ್ತಿನ ಯಾವ ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೂ ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಡುವ ಜಾಲತಾಣದ ಲೆಕ್ಕಯಂತ್ರದವರ ಸನ್ನಿಧಾನಕ್ಕೆ, ಜೊಯಿಡಾ ತಾಲೂಕಿನಲ್ಲಿ ಸೂಪಾ ಹಿನ್ನೀರಿನ ಮಗ್ಗುಲಿಗಿರುವ, ತಮ್ಮ ನಕಾಶೆಯಲ್ಲಿ ಬರೀ ಹಸಿರು ಬಣ್ಣವಾಗಿ ಕಾಣುವ ಹನ್ನೆರಡು ಮನೆಗಳ ಊರಿನಿಂದ, ಹನ್ನೊಂದು ತಿಂಗಳ ಕೂಸಿನ ತಾಯಿಯಾದ ಸಿಲ್ವಿಯಾ ಎಂಬುವಳು ಬಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ನಿದ್ದೆ ಬೇಕಿಲ್ಲ, ಹಲ್ಲು ಮೂಡುವುದಿಲ್ಲ, ಜ್ವರ ಬರುವುದಿಲ್ಲ, ರಜೆಗೆ ಅರ್ಜಿ ಹಾಕುವ ಪ್ರಸಂಗವೂ ಇಲ್ಲ. ಹಾಗಿರುವಾಗ ತಾವು ಕ್ಷೇಮವಾಗಿರದೆ ಇರುವುದಕ್ಕೆ ಕಾರಣವೇ ಕಾಣುವುದಿಲ್ಲ. ನಮ್ಮ ಕ್ಷೇಮದ ಬಗ್ಗೆ ಕೆಳಗೆ ಬರೆಯುತ್ತೇನೆ.

ಮನೆಯ ವಿಷಯವನ್ನು ಹೀಗೆ ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳಬೇಕು. ಗುಟ್ಟಾಗಿಯೇ ಬರೆಯೋಣವೆಂದು ತಮ್ಮ ಪುಟದ ಕೆಳಗೆ ‘ನಮ್ಮನ್ನು ಸಂಪರ್ಕಿಸಿ’ ಎಂದಿದ್ದ ಕಡೆ ಒತ್ತಿದೆ. ನಾನು ಮನುಷ್ಯಳೆಂದು ಸಾಬೀತು ಮಾಡಲು ಬಸ್ಸು ಇರುವ ಚಿತ್ರಗಳನ್ನೆಲ್ಲ ಆರಿಸಬೇಕು ಎಂದು ಅದು ಹೇಳಿತು. ಒಂಬತ್ತು ಚಿತ್ರಗಳಲ್ಲಿ ಐದರಲ್ಲಿ ಬಸ್ಸುಗಳಿದ್ದವು. ಒಂದೇ ಸಲಕ್ಕೆ ಐದು ಬಸ್ಸು, ಅದೂ ಕೂರಲು ಜಾಗ ಇರುವಂಥವು! ನಮ್ಮ ಕಡೆಯವರು ಅಂಥ ನೋಟವನ್ನು ಸುಮ್ಮನೆ ಒತ್ತಿ ಮುಂದಕ್ಕೆ ಹೋಗಲಾರರು. ನೋಡುತ್ತ ಕೂತೆ. ಸಮಯ ಮುಗಿಯಿತು ಎಂದು ತಾವು ಬಾಗಿಲು ಹಾಕಿಕೊಂಡಿರಿ. ಆದ್ದರಿಂದ ನಾನು ಮನುಷ್ಯಳೆಂಬುದು ಇನ್ನೂ ಸಾಬೀತಾಗಿಲ್ಲ ಎಂಬ ಅಡಿಟಿಪ್ಪಣಿಯೊಂದಿಗೇ ಈ ಪತ್ರವನ್ನು ಓದಬೇಕಾಗಿ ವಿನಂತಿ.

ತಮ್ಮ ಲೆಕ್ಕದ ಬಗ್ಗೆ ನನಗೆ ಕೂದಲೆಳೆಯಷ್ಟೂ ಅನುಮಾನವಿಲ್ಲ. ಬಂಗೂರನಗರದ ಕಾಲೇಜಿನಲ್ಲಿ ಮೂರು ವರ್ಷ ಭೂಗೋಳ ಓದಿ ಬಿ.ಎ. ಮುಗಿಸಿದವಳು ನಾನು. ಭೂಮಿ ಗುಂಡಗಿದೆ, ಗುಂಡಗಿರುವ ಭೂಮಿಯ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ಗೆರೆ ಯಾವುದು ಎಂಬುದನ್ನೆಲ್ಲ ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೇನೆ. ಗೋವಾದ ದಾಬೋಳಿಯಿಂದ ಹುಬ್ಬಳ್ಳಿಗೆ ನೂರಾ ಮೂವತ್ತನಾಲ್ಕು ಕಿಲೋಮೀಟರು, ಹಾರಾಟದ ಸಮಯ ಇಪ್ಪತ್ತೇಳು ನಿಮಿಷ ಎಂದು ತಾವು ಹೇಳಿದ್ದೀರಿ. ಅಷ್ಟಕ್ಕೇ ಬಿಡದೆ ಅದು ಎಪ್ಪತ್ತೆರಡು ಸಮುದ್ರ ಮೈಲಿ ಎಂಬುದನ್ನೂ ತಿಳಿಸಿದ್ದೀರಿ. ನಡುವೆ ಸಮುದ್ರ ಎಲ್ಲಿದೆ ಎಂದು ಒಂದು ಗಳಿಗೆ ಗಲಿಬಿಲಿಯಾಯಿತು. ಆಮೇಲೆ ನಮ್ಮ ಸೂಪಾ ಅಣೆಕಟ್ಟಿನ ನೀರಿಗೆ ತಾವು ಕೊಟ್ಟ ಮರ್ಯಾದೆ ಇದು ಎಂದುಕೊಂಡು ಸಮಾಧಾನ ಮಾಡಿಕೊಂಡೆ. ಎರಡೂ ಊರುಗಳ ನಡುವೆ ‘ಸಮಯದ ವ್ಯತ್ಯಾಸ: ಇಲ್ಲ’ ಎಂದು ಇನ್ನೊಂದು ಸಾಲಿದೆ. ಅದನ್ನು ಮಾತ್ರ ಒಪ್ಪಲಾರೆ. ಹೆರಿಗೆಯಾದ ದಿನದಿಂದ ನನ್ನ ಗಡಿಯಾರ ಯಾವ ದೇಶದ್ದು ಎಂದು ನನಗೇ ತಿಳಿದಿಲ್ಲ. ಒಟ್ಟಿಗೆ ಮೂರು ತಾಸು ಮಲಗಿದ ನೆನಪಿಲ್ಲ, ಕೂಸು ಮಲಗಿದಾಗ ಉಸಿರಾಡುತ್ತಿದೆಯೇ ಎಂದು ಎಣಿಸುತ್ತೇನೆ, ಎದ್ದಾಗ ಯಾಕೆ ಎದ್ದಿತು ಎಂದು ಹುಡುಕುತ್ತೇನೆ. ಈ ಪತ್ರವನ್ನೂ ಅದು ಮಲಗಿದ ನಲವತ್ತು ನಲವತ್ತು ನಿಮಿಷಗಳ ತುಂಡುಗಳಲ್ಲಿ, ಗದ್ದೆಯ ಬದುವಿನ ಮೇಲೆ ನೆಟ್‌ವರ್ಕ್ ಸಿಗುವ ಒಂದೇ ಜಾಗದಲ್ಲಿ, ಹಗಲು ಬೆಳಕಿನಲ್ಲಿ ಬರೆಯುತ್ತಿದ್ದೇನೆ. ವಾಕ್ಯಗಳು ಎಲ್ಲಾದರೂ ತೂಕಡಿಸಿದ್ದರೆ ಎಬ್ಬಿಸಿಕೊಂಡು ಓದಬೇಕು.

ತಾವು ಎಳೆದಿರುವ ಆ ಕೆಂಪು ಗೆರೆಯನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಗೋವಾದಿಂದ ಹೊರಟು, ಘಟ್ಟವೆಂಬುದು ಇದೆಯೆಂಬ ಗುಮಾನಿಯೂ ಇಲ್ಲದೆ ದಾಟಿ, ನಮ್ಮ ಊರಿನ ನೆತ್ತಿಯ ಮೇಲೆ ಹಾದು, ಹಳಿಯಾಳದ ಕಡೆಗೆ ಸಾಗಿ ಹುಬ್ಬಳ್ಳಿಯಲ್ಲಿ ಇಳಿಯುತ್ತದೆ. ನನ್ನ ಅಂದಾಜಿನ ಪ್ರಕಾರ ನಮ್ಮ ಕೋಳಿಗೂಡಿನ ಮೇಲೆ ಅದು ಹೊರಟ ಹದಿಮೂರನೆಯ ನಿಮಿಷಕ್ಕೆ ಬರುತ್ತದೆ. ಅತ್ತೆಗೂ ತೋರಿಸಿದೆ. ಅತ್ತೆ ಮಾರ್ಗರೀಟಾ ಅವರು ಮೊಬೈಲಿನಿಂದ ತಲೆಯೆತ್ತಿ ಆಕಾಶ ನೋಡಿ, ಮತ್ತೆ ಮೊಬೈಲು ನೋಡಿ, ಮನೆಮಾತಿನಲ್ಲಿ ಹೇಳಿದ್ದನ್ನು ತಮಗೆ ತಿಳಿಯಲೆಂದು ಈ ಕಡೆಯ ಕನ್ನಡಕ್ಕೆ ತಂದು ಬರೆಯುತ್ತೇನೆ: “ಇಷ್ಟ ಸಮೀಪ ಇದ್ರ ಆಂವ ಯಾಕ ತಿಂಗಳಿಗೊಮ್ಮೆ ಬರ್ತಾನ? ಯಾರನರ ಇಟಗೊಂಡಾನೇನ ಅಲ್ಲಿ?” ತಮ್ಮ ಇಪ್ಪತ್ತೇಳು ನಿಮಿಷದಿಂದ ನನ್ನ ಗಂಡನ ಶೀಲಕ್ಕೆ ಬಂದ ಮೊದಲ ಕಳಂಕವಿದು. ಅದನ್ನು ನಾನು ದೊಡ್ಡದು ಮಾಡುವುದಿಲ್ಲ.

ಗಂಡನ ಹೆಸರು ಜಾನು. ಕಾಳಿ ನದಿಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಬಂಡೆಗಳ ನಡುವೆ ನುಗ್ಗಿಸುವ ಕೆಲಸ ಮಾಡುತ್ತಿದ್ದ. ಮಳೆಗಾಲಕ್ಕೆ ಅದು ನಿಂತಿತು, ನಿಂತದ್ದು ಮತ್ತೆ ಸರಿಯಾಗಿ ಶುರುವಾಗಲಿಲ್ಲ. ನಾಲ್ಕು ತಿಂಗಳ ಹಿಂದೆ ಗೋವಾಕ್ಕೆ ಹೋಗಿ, ವಿಮಾನಕ್ಕೆ ಸಾಮಾನು ಏರಿಸಿ ಇಳಿಸುವ ಒಂದು ಗುತ್ತಿಗೆ ಕಂಪನಿ ಸೇರಿದ. ದಿನವಿಡೀ ಬೇರೆಯವರ ಬ್ಯಾಗುಗಳನ್ನು ಎತ್ತಿ ವಿಮಾನದ ಹೊಟ್ಟೆಯೊಳಗೆ ಜೋಡಿಸುತ್ತಾನೆ. ಬ್ಯಾಗುಗಳು ಹಾರಿಹೋಗುತ್ತವೆ, ಇವನು ಮುಂದಿನ ಗಾಡಿ ತರಲು ಹೋಗುತ್ತಾನೆ. ಅದಕ್ಕೂ ನನ್ನ ತಕರಾರಿಲ್ಲ.

ತಕರಾರು ಇರುವುದು ಈ ಗುರುವಾರದ ಬಗ್ಗೆ.

ಮಗಳು ಜ್ಯೂಲಿಗೆ ತೊಡೆಸಂದಿಯಲ್ಲಿ ನೆಲ್ಲಿಕಾಯಿಯಷ್ಟು ದಪ್ಪದ ಒಂದು ಗಂಟು ಬರುತ್ತದೆ. ನಗುವಾಗ ಇರುವುದಿಲ್ಲ, ಮಲಗಿದಾಗ ಇರುವುದಿಲ್ಲ, ಅತ್ತರೆ ಬರುತ್ತದೆ. ಹರ್ನಿಯಾ ಎಂದರು. ಹುಬ್ಬಳ್ಳಿಯ ಡಾಕ್ಟರು ಬಹಳ ಸಮಾಧಾನದಿಂದ ಮಾತಾಡುವವರು. ಸಣ್ಣ ಆಪರೇಷನ್, ಅರ್ಧ ತಾಸು, ಹೆದರಬೇಡಿ ಎಂದು ಹೇಳಿ, ಆದರೆ ಅಲ್ಲಿಯವರೆಗೆ ಕೂಸನ್ನು ಜಾಸ್ತಿ ಅಳಿಸಬೇಡಿ, ಗಂಟು ಗಟ್ಟಿಯಾಗಿ ಒಳಗೆ ಹೋಗದೆ ನಿಂತರೆ ತಕ್ಷಣ ಓಡಿ ಬನ್ನಿ ಎಂದೂ ಹೇಳಿದರು. ಹೆದರಬೇಡಿ ಎಂದು ಹೇಳಿ ಆಮೇಲೆ ಓಡಿ ಬನ್ನಿ ಎನ್ನುವವರನ್ನು ನಾನು ಮೂರು ವಾರದಿಂದ ನೆನೆಯುತ್ತಿದ್ದೇನೆ. ಓಡಿ ಬರಬೇಕಾದ ದಾರಿ ಮೂರು ಬಸ್ಸಿನದು. ಅದಕ್ಕಾಗಿ ಕೂಸು ತುಟಿ ಓರೆ ಮಾಡಿದರೆ ಸಾಕು, ಮನೆಯಲ್ಲಿ ಮೂವರು ಕುಣಿಯುತ್ತೇವೆ: ನಾನು, ಅತ್ತೆ, ಮತ್ತು ಹೆದರಿದ ಕೋಳಿ.

ಬುಧವಾರ ಮಧ್ಯಾಹ್ನ ದಾಖಲಾಗಬೇಕು. ಗುರುವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಅರಿವಳಿಕೆ ಕೊಡುವ ಮೊದಲು ನಾಲ್ಕು ತಾಸು ಮೊಲೆಹಾಲು ಕೊಡುವಂತಿಲ್ಲ. ಅಂದರೆ ನಾಲ್ಕರಿಂದ ಎಂಟರವರೆಗೆ. ಆಗ ಅಲ್ಲಿಯ ಜ್ಯೋತಿ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಈ ಇಡೀ ಪತ್ರದ ಬೇರು. “ನೋಡ್ರೀ, ನಿಮ್ಮ ಮೈಗೆ ಹಾಲಿನ ವಾಸನಿ ಇರ್ತೈತಿ. ನೀವು ಎತಗೊಂಡ್ರ ಕೂಸು ಬಿಡಂಗಿಲ್ಲ, ಹಟಾ ಮಾಡಿ ಅಳತೈತಿ. ಅತ್ರ ಗಂಟ ಬರ್ತೈತಿ. ಅವರಪ್ಪನ ಹೆಗಲ ಮ್ಯಾಲೆ ಹಾಕ್ರಿ, ನೀವು ಹೊರಗ ಹೋಗಿ ಕುಂದರ್ರಿ, ಕೂಸಿನ ಕಣ್ಣಿಗೆ ಬೀಳಬ್ಯಾಡ್ರಿ.” ಅತ್ತೆಯ ಬಲಗೈ ಮಣಿಕಟ್ಟು ಹೋದ ವಾರ ಬಚ್ಚಲಲ್ಲಿ ಜಾರಿ ಮುರಿದು ಪ್ಲಾಸ್ಟರಿನಲ್ಲಿದೆ. ನನ್ನ ತವರಿನಲ್ಲಿ ಎತ್ತಿಕೊಳ್ಳುವವರಿದ್ದಾರೆ, ಆದರೆ ಹೊಸ ಮುಖ ಕಂಡರೆ ಜ್ಯೂಲಿ ಅಳುವುದರ ಬಗ್ಗೆ ನಾನು ಬೇರೆಯೇ ಪತ್ರ ಬರೆಯಬೇಕಾದೀತು. ಉಳಿದದ್ದು ಜಾನುವಿನ ಹೆಗಲು. ಹುಟ್ಟಿದಾಗಿನಿಂದ ಏಳು ತಿಂಗಳು ಅವಳು ಆ ಹೆಗಲ ಮೇಲೇ ಮಲಗಿದವಳು. ದೋಣಿಯಲ್ಲಿ ನಿಂತು ನಿಂತು ಅವನಿಗೆ ಒಂದು ಥರದ ತೂಗಾಟ ಬಂದಿದೆ; ಭುಜಕ್ಕೆ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ಹೊಡೆದರೆ ಎಂಥ ಅಳುವೂ ಇಳಿಯುತ್ತದೆ. ಈಗ ಬಂದಾಗಲೂ ಅಷ್ಟೇ, ತಿಂಗಳಾದ ಮೇಲೆ ಬಂದರೂ ಮೊದಲು ಮುಖ ನೋಡಿ ಅನುಮಾನಿಸುತ್ತಾಳೆ, ಭುಜಕ್ಕೆ ಬಿದ್ದ ಮೇಲೆ ಗುರುತು ಹಿಡಿಯುತ್ತಾಳೆ.

ಹೀಗಾಗಿ ಜಾನು ರಜೆಗೆ ಅರ್ಜಿ ಹಾಕಿದ. ಮಂಗಳವಾರ ಬೆಳಿಗ್ಗೆ ಹೊರಟು ರಾತ್ರಿಗೆ ಮನೆ ಸೇರುವುದು, ಬುಧವಾರ ನಸುಕಿನಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಹೋಗುವುದು, ಗುರುವಾರ ಆಪರೇಷನ್, ಶುಕ್ರವಾರ ಬಿಡುಗಡೆ, ಶನಿವಾರ ವಾಪಸು. ಅರ್ಜಿಯಲ್ಲಿ ‘ಸ್ವಂತ ಊರಿಗೆ ಇರುವ ದೂರ’ ಎಂದು ಒಂದು ಖಾನೆ ಇತ್ತಂತೆ. ಅದರ ಮೇಲೆ ಪ್ರಯಾಣದ ಸಮಯ ಕೂಡಿಸಿ ರಜೆ ಕೊಡುತ್ತಾರೆ. ನಿಯಮ ಬಹಳ ನ್ಯಾಯವಾದದ್ದು. ಆ ಖಾನೆಯಲ್ಲಿ ನನ್ನ ಗಂಡ ‘ನಾಲ್ಕು ಬಸ್ಸು’ ಎಂದು ಬರೆದ.

ಮಾನ್ಯರು ನಗಬಾರದು. ನಮ್ಮ ಕಡೆ ದೂರ ಹೇಳುವುದೇ ಹಾಗೆ. ಕಿಲೋಮೀಟರು ರಸ್ತೆಯ ಕಲ್ಲಿಗೆ ಸಂಬಂಧಪಟ್ಟ ವಿಷಯ. ಮನುಷ್ಯರಿಗೆ ಸಂಬಂಧಪಟ್ಟದ್ದು ಬಸ್ಸು. ನನ್ನನ್ನು ನೋಡಲು ಬಂದ ದಿನ ಅಪ್ಪ ಹುಡುಗನ ಸಂಬಳ ಕೇಳುವ ಮೊದಲು ಕೇಳಿದ್ದು “ಎಷ್ಟು ಬಸ್ಸು?” ಎಂದೇ. ಎರಡು ಎಂದಾಗ ಅವ್ವ ಒಳಗಿನಿಂದ ಚಹಾ ಕಳಿಸಿದಳು. ಮೂರು ಎಂದಿದ್ದರೆ ಬರೀ ನೀರು ಬರುತ್ತಿತ್ತು. ಒಂದು ಬಸ್ಸಿನ ಊರಿಗೆ ಮೀನು ಕೊಂಡೊಯ್ಯಬಹುದು. ಎರಡು ಬಸ್ಸಿನ ಊರಿಗೆ ಹಬ್ಬಕ್ಕೆ ಹೋಗಿ ಸಂಜೆಗೆ ಮರಳಬಹುದು. ಮೂರು ಬಸ್ಸು ಎಂದರೆ ಹಾಸಿಗೆ ಯಾರದ್ದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ನಾಲ್ಕು ಬಸ್ಸು ಎಂದರೆ ಹೋದವರು ಮುಟ್ಟಿದ ಸುದ್ದಿ ಬರುವತನಕ ಅತ್ತೆ ಅನ್ನ ಮುಟ್ಟುವುದಿಲ್ಲ. ಆ ಒಂದು ಮಾತಿನಲ್ಲಿ ಕಾಯುವುದಿದೆ, ತಪ್ಪಿಹೋಗುವುದಿದೆ, ನಿಂತೇ ಹೋಗುವುದಿದೆ, ಘಟ್ಟದ ತಿರುವಿನಲ್ಲಿ ಮುಂದಿನ ಸೀಟಿನ ಮಗು ವಾಂತಿ ಮಾಡುವುದಿದೆ. ದಾಬೋಳಿಯಿಂದ ಮಡಗಾಂವಿಗೆ ಒಂದು, ಮಡಗಾಂವಿನಿಂದ ಅನಮೋಡ ಘಟ್ಟ ಹತ್ತಿ ರಾಮನಗರಕ್ಕೆ ಒಂದು, ರಾಮನಗರದಿಂದ ಜೊಯಿಡಾಕ್ಕೆ ಒಂದು, ಜೊಯಿಡಾದಿಂದ ನಮ್ಮೂರಿಗೆ, ಅದು ಬಂದ ದಿನ, ಒಂದು. ತಾವು ಮೂರು ಅಳತೆಗಳಲ್ಲಿ ಹೇಳಿದ್ದನ್ನು ಜಾನು ಒಂದೇ ಅಳತೆಯಲ್ಲಿ, ಒಂದು ಅಕ್ಷರವೂ ಸುಳ್ಳಿಲ್ಲದೆ ಬರೆದಿದ್ದ.

ಆ ಅರ್ಜಿ ಉದಯಕುಮಾರ ಎಂಬ ಗುಮಾಸ್ತರ ಮೇಜಿಗೆ ಹೋಯಿತು. ಜಾನು ಎಷ್ಟು ಹೇಳಿದರೂ ಕೆಲಸವಾಗದಿದ್ದಾಗ ಅವರ ನಂಬರು ತೆಗೆದುಕೊಂಡು ನಾನೇ ಫೋನ್ ಮಾಡಿದೆ. ಜಗಳ ಮಾಡಲೆಂದೇ ಬದುವಿನ ಮೇಲೆ ಗಟ್ಟಿಯಾಗಿ ನಿಂತಿದ್ದೆ. ಆ ಕಡೆಯಿಂದ ನಮ್ಮ ಸೀಮೆಯ ಕನ್ನಡವೇ ಬಂತು. ಮುಂಡಗೋಡದವರಂತೆ. “ಅಕ್ಕಾರ, ನನ್ನ ಕೈಯಾಗ ಏನೂ ಇಲ್ರಿ. ಆ ಖಾನೆ ನಂಬರ ಅಷ್ಟ ತಗೋತೈತಿ. ನಾಲ್ಕು ಬಸ್ಸು ಅಂತ ಹೊಡದ್ರ ಕೆಂಪಗ ಆಗ್ತೈತ್ರಿ.” ಹಾಗಾದರೆ ನಾಲ್ಕು ಎಂದಷ್ಟೇ ಹೊಡೆಯಬೇಕಿತ್ತು ಎಂದೆ. “ಹೊಡದೇನ್ರಿ. ನಾಲ್ಕು ಕಿಲೋಮೀಟರಿಗೆ ಪ್ರಯಾಣದ ರಜಾನ ಇಲ್ಲ, ನಡಕೊಂಡ ಹೋಗ್ಲಿ ಅಂತ ಬಂತು.” ಆಮೇಲೆ ಆ ಪುಣ್ಯಾತ್ಮರು ಉಪಕಾರ ಮಾಡುವ ಮನಸ್ಸಿನಿಂದಲೇ ತಮ್ಮ ಬಾಗಿಲಿಗೆ ಬಂದರು. ಕೆಲಸ ಮಾಡುವ ಜಾಗ ದಾಬೋಳಿ, ಊರಿಗೆ ಹತ್ತಿರದ ನಿಲ್ದಾಣ ಹುಬ್ಬಳ್ಳಿ ಎಂದು ಕೊಟ್ಟರು. ತಾವು ನೂರಾ ಮೂವತ್ತನಾಲ್ಕು ಕಿಲೋಮೀಟರು, ಇಪ್ಪತ್ತೇಳು ನಿಮಿಷ ಎಂದಿರಿ. ಖಾನೆ ಹಸಿರಾಯಿತು. ಮಂಗಳವಾರ, ಬುಧವಾರ, ಶುಕ್ರವಾರ, ಶನಿವಾರಗಳು ಉದುರಿಹೋದವು. ಬುಧವಾರ ರಾತ್ರಿ ಪಾಳಿ ಮುಗಿಸಿ ಗುರುವಾರ ಬೆಳಿಗ್ಗೆ ಆರಕ್ಕೆ ಹೊರಡುವುದು, ಆರೂವರೆಗೆ ಹುಬ್ಬಳ್ಳಿ, ಆಪರೇಷನ್ನಿಗೆ ಇನ್ನೂ ಒಂದೂವರೆ ತಾಸು ಇರುತ್ತದೆ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಹಾಜರು. ಆ ಒಂದೂವರೆ ತಾಸಿನಲ್ಲಿ ತಿಂಡಿ ಮಾಡಿಕೊಳ್ಳಬಹುದು ಎಂದು ಯಂತ್ರ ಹೇಳಲಿಲ್ಲ, ಆದರೆ ಹೇಳುವ ಧಾಟಿಯಲ್ಲೇ ಇತ್ತು.

ನಾನು ಉದಯಕುಮಾರರನ್ನು ಕೇಳಿದೆ, “ನೀವು ಮುಂಡಗೋಡಕ್ಕ ಹೆಂಗ ಹೋಗ್ತೀರಿ ಹಂಗಾದ್ರ?” ಅವರೆಂದರು: “ನನಗೂ ಹುಬ್ಬಳ್ಳಿನ ತೋರಸ್ತೈತ್ರಿ ಅಕ್ಕಾರ. ದೀಪಾವಳಿಗಿ ಹೋಗಿಲ್ಲ. ನಮ್ಮವ್ವ ಕೇಳಿದ್ರ ಏನ ಹೇಳ್ಲಿ, ಇಪ್ಪತ್ತೇಳ ನಿಮಿಷ ಅಂತ ಹೇಳಾಕ ಬರ್ತೈತೇನ್ರಿ?” ಜಗಳ ಅಲ್ಲಿಗೇ ಮುರಿದುಬಿತ್ತು. ಜಗಳ ಮಾಡಬೇಕಾದವರೂ ನಮ್ಮವರೇ ಆಗಿಬಿಟ್ಟರೆ ಉಳಿಯುವುದು ತಾವೊಬ್ಬರೇ.

ತಮ್ಮ ಮಾತನ್ನು ಸುಳ್ಳು ಮಾಡಬಾರದೆಂದು ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದೇನೆ. ದಾಬೋಳಿಯಿಂದ ಹುಬ್ಬಳ್ಳಿಗೆ ಗುರುವಾರ ಆರಕ್ಕೆ ಹೊರಡುವ ವಿಮಾನ ಹುಡುಕಿದೆ. ಸಿಕ್ಕಿದ್ದು ಒಂದು. ಅದು ಮೊದಲು ಬೆಂಗಳೂರಿಗೆ ಹೋಗುತ್ತದೆ, ಅಲ್ಲಿ ಐದು ತಾಸು ಕೂರುತ್ತದೆ, ಆಮೇಲೆ ಹುಬ್ಬಳ್ಳಿ ನೆನಪಾಗಿ ಹಿಂದಕ್ಕೆ ಬರುತ್ತದೆ. ಮಗ್ಗುಲಮನೆಗೆ ಹೋಗಲು ತಾಲೂಕು ಕಚೇರಿಯ ಸುತ್ತು ಹಾಕಿ ಬಂದಂತೆ. ನೇರವಾಗಿ ಹೋಗುವ ವಿಮಾನ ನಾನು ಹುಡುಕಿದ ಯಾವ ದಿನಕ್ಕೂ ಕಾಣಲಿಲ್ಲ. ಇಲ್ಲದ ವಿಮಾನ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದನ್ನು ನಿಮಿಷದ ಲೆಕ್ಕದಲ್ಲಿ ಹೇಳಬಲ್ಲ ತಮ್ಮ ವಿದ್ಯೆಗೆ ನಾನು ತಲೆಬಾಗುತ್ತೇನೆ. ನಮ್ಮ ಜೊಯಿಡಾ ಬಸ್‌ಸ್ಟ್ಯಾಂಡಿನಲ್ಲಿ ಇರುವ ಬಸ್ಸು ಯಾವಾಗ ಮುಟ್ಟುತ್ತದೆ ಎಂದು ಕೇಳಿದರೂ “ಬಂದಾಗ ಬರ್ತೈತಿ” ಎನ್ನುತ್ತಾರೆ. ಹಿಂದುಳಿದ ತಾಲೂಕು ಎಂದು ಸುಮ್ಮನೆ ಹೇಳುವುದಿಲ್ಲ.

ಆದ್ದರಿಂದ ತಮ್ಮ ಕೈಲಾಗದ್ದು ಯಾವುದೂ ಇಲ್ಲವೆಂಬ ಭರವಸೆಯ ಮೇಲೆ ಕೆಲವು ಸಣ್ಣ ಬೇಡಿಕೆಗಳನ್ನು ಮುಂದಿಡುತ್ತೇನೆ. ತಮ್ಮ ಕೆಂಪು ಗೆರೆಯ ಮೇಲೆ ಆ ವಿಮಾನವನ್ನು ಗುರುವಾರ ಒಂದು ದಿನದ ಮಟ್ಟಿಗೆ ಓಡಿಸಬೇಕು. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಆಸ್ಪತ್ರೆಗೆ ಟ್ರಾಫಿಕ್ಕಿನಲ್ಲಿ ಇನ್ನೊಂದು ಇಪ್ಪತ್ತೇಳು ನಿಮಿಷ ಹಿಡಿಯುವುದರಿಂದ ಆಸ್ಪತ್ರೆಯ ತಾರಸಿಯ ಮೇಲೆಯೇ ಇಳಿಸಿದರೆ ಉತ್ತಮ. ಅದು ಆಗದಿದ್ದರೆ ಬುಧವಾರ ನಸುಕಿನಲ್ಲಿ ನಮ್ಮೂರ ಮೇಲೆ, ಹದಿಮೂರನೆಯ ನಿಮಿಷಕ್ಕೆ, ವಿಮಾನವನ್ನು ಸ್ವಲ್ಪ ನಿಧಾನ ಮಾಡಿಸಬೇಕು. ಜಾನು ನೀರಿಗೆ ಹಾರಿ ರೂಢಿ ಇರುವವನು, ಹಿನ್ನೀರು ಈಗ ತುಂಬಿದೆ. ನಿಧಾನ ಮಾಡಿಸುವುದು ಹೇಗೆ ಎಂದು ವಿಮಾನದವರಿಗೆ ತಿಳಿಯದಿದ್ದರೆ ನಮ್ಮ ಸಂಜೆ ಬಸ್ಸಿನ ಕಂಡಕ್ಟರ್ ಅಂದಾನೆಪ್ಪ ಅವರನ್ನು ಎರವಲು ಕೊಡುತ್ತೇವೆ. ಯಾರಾದರೂ ದೂರದಲ್ಲಿ ಓಡಿ ಬರುತ್ತಿರುವುದು ಕಂಡರೆ ಅವರು ‘ಹೋಲ್ಡಾನ್’ ಎಂದು ಕೂಗಿ, ಡ್ರೈವರ್ ಬೈಯುತ್ತಿದ್ದರೂ ಬಾಗಿಲಲ್ಲಿ ಒಂದು ಕಾಲಿಟ್ಟು ನಿಲ್ಲುತ್ತಾರೆ. ತಮ್ಮ ವಿಮಾನದಲ್ಲಿ ಇಲ್ಲಿಯವರೆಗೆ ಯಾರೂ ಹಾಗೆ ನಿಂತದ್ದನ್ನು ನಾನು ಕಂಡಿಲ್ಲ.

ಇದೂ ಕಷ್ಟವಾದರೆ ಇನ್ನೊಂದು ಉಪಾಯವಿದೆ. ಜಾನುವನ್ನು ಸಾಮಾನು ಎಂದು ನಮೂದಿಸಿಕೊಳ್ಳಬಹುದು. ತೂಕ ಅರವತ್ತೆರಡು ಕೆ.ಜಿ., ಹಿಡಿಕೆ ಎರಡು, ಒಳಗೆ ಹರಿತವಾದ ವಸ್ತು ಏನೂ ಇಲ್ಲ. ಬ್ಯಾಗುಗಳಿಗೆ ರಜೆಯ ಅರ್ಜಿ ಕೇಳುವುದಿಲ್ಲವೆಂದೂ, ತಪ್ಪಿ ಬೇರೆ ಊರಿಗೆ ಹೋದರೆ ಕಂಪನಿಯೇ ಮನೆ ಬಾಗಿಲಿಗೆ ಮುಟ್ಟಿಸಿ ಕ್ಷಮೆ ಕೇಳುತ್ತದೆಂದೂ ಅವನೇ ಹೇಳಿದ್ದಾನೆ. ಅಷ್ಟು ಮರ್ಯಾದೆ ಸಿಕ್ಕರೆ ಸಾಕು, ಸೀಟು ಬೇಡ.

ಮೇಲಿನದ್ದೆಲ್ಲ ಅತಿಯಾಯಿತು ಎನಿಸಿದರೆ ಕೊನೆಯದಾಗಿ ಒಂದೇ ಒಂದನ್ನು ಕೇಳುತ್ತೇನೆ, ಇದನ್ನು ಅಣಕದಿಂದ ಕೇಳುತ್ತಿಲ್ಲ. ತಮ್ಮ ಪುಟದಲ್ಲಿ ಇಪ್ಪತ್ತೇಳು ನಿಮಿಷ ಎಂಬುದರ ಕೆಳಗೆ, ಕಣ್ಣಿಗೆ ಬೀಳುವ ಅಕ್ಷರದಲ್ಲಿ, ‘ಇದು ಗಾಳಿಯಲ್ಲಿನ ದೂರ; ಇದನ್ನು ನೋಡಿ ಯಾರಿಗೂ ರಜೆ ಕೊಡಬೇಡಿ, ಯಾರ ರಜೆಯನ್ನೂ ಕಡಿಯಬೇಡಿ’ ಎಂದು ಒಂದು ಸಾಲು ಸೇರಿಸಿ. ಇವತ್ತು ಸೋಮವಾರ. ಇವತ್ತು ಸೇರಿಸಿದರೆ ಉದಯಕುಮಾರರು ನಾಳೆ ಬೆಳಿಗ್ಗೆ ತಮ್ಮ ಮ್ಯಾನೇಜರಿಗೆ ತೋರಿಸಬಹುದು. ಅವರಿಗೆ ತೋರಿಸುವ ಮನಸ್ಸಿದೆ, ತೋರಿಸಲು ಒಂದು ಸಾಲಿಲ್ಲ. ಹುಬ್ಬಳ್ಳಿಗೆ ನಾನೊಬ್ಬಳೇ ಕೂಸು ಕಟ್ಟಿಕೊಂಡು ಮೂರು ಬಸ್ಸು ಹತ್ತಿ ಇಳಿದು ಹೋಗಬಲ್ಲೆ. ಕಾಗದಪತ್ರ ತುಂಬಬಲ್ಲೆ, ಡಾಕ್ಟರು ಹೇಳಿದ್ದು ಅರ್ಥ ಮಾಡಿಕೊಳ್ಳಬಲ್ಲೆ. ನನ್ನಿಂದ ಆಗದ ಕೆಲಸ ಒಂದೇ. ಹಸಿದ ನನ್ನ ಮಗು ನನ್ನನ್ನು ನೋಡಿ ಕೈಚಾಚಿದಾಗ, ಎದೆಯಲ್ಲಿ ಹಾಲು ತುಂಬಿಕೊಂಡು, ಕೊಡದೆ, ಅದು ಅಳುವುದನ್ನೂ ಆ ಗಂಟು ಉಬ್ಬುವುದನ್ನೂ ನಾಲ್ಕು ತಾಸು ನೋಡುತ್ತ ನಿಲ್ಲಲಾರೆ. ಅದಕ್ಕೆ ಬೇರೊಬ್ಬರ ಮೈ ಬೇಕು. ಆ ಮೈಯನ್ನು ತಾವು ನೂರಾ ಮೂವತ್ತನಾಲ್ಕು ಕಿಲೋಮೀಟರು ಆಚೆ, ಇಪ್ಪತ್ತೇಳು ನಿಮಿಷದ ಹತ್ತಿರದಲ್ಲಿ, ಇಟ್ಟಿದ್ದೀರಿ.

ಕೂಸು ಎದ್ದಂತಿದೆ. ಅತ್ತೆ ಎಡಗೈಯಲ್ಲಿ ತೊಟ್ಟಿಲು ತೂಗುತ್ತ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ. ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಂಡಿದ್ದೇನೆ ಎಂದು ಬರೆಯುವುದು ವಾಡಿಕೆ. ಆದರೆ ಸಮಯದ ವಿಷಯದಲ್ಲಿ ಯಾರು ಯಾರದನ್ನು ತೆಗೆದುಕೊಂಡರು ಎಂಬ ಲೆಕ್ಕವನ್ನು ಲೆಕ್ಕದಲ್ಲಿ ನಿಪುಣರಾದ ತಮಗೇ ಬಿಟ್ಟು ಮುಗಿಸುತ್ತೇನೆ.

ಇಲ್ಲಿಯವರೆಗೂ ತಮ್ಮ ಅಂಕಿಗಳನ್ನು ನಂಬಿದ್ದ, ಇನ್ನು ಮುಂದೆ ನಂಬುವ ಶಕ್ತಿ ಉಳಿದಿರದ

ತಮ್ಮ ವಿಶ್ವಾಸಿ,
ಸಿಲ್ವಿಯಾ ಜಾನು ಸಿದ್ದಿ, ಬಿ.ಎ.
ಜೊಯಿಡಾ ತಾಲೂಕು

ಮರೆತ ಮಾತು: ನಿನ್ನೆ ಬರೆದದ್ದನ್ನು ಕಳಿಸುವ ಮೊದಲೇ ಮಂಗಳವಾರವಾಯಿತು, ಹೀಗಾಗಿ ಇನ್ನೊಂದು ಸುದ್ದಿ ಸೇರಿಸಬೇಕಾಗಿದೆ. ಪತ್ರವೇ ಹೋಗಿರದಿದ್ದರಿಂದ ತಮ್ಮ ಪುಟದಲ್ಲಿ ಸಾಲು ಸೇರಿರಲಿಲ್ಲ, ಅದು ತಮ್ಮ ತಪ್ಪಲ್ಲ. ಜಾನು ಇವತ್ತು ಬೆಳಿಗ್ಗೆ ಮ್ಯಾನೇಜರ ಹತ್ತಿರ ಹೋಗಿ ಕೇಳಿದ. ಇಪ್ಪತ್ತೇಳು ನಿಮಿಷದ ಊರಿಗೆ ಐದು ದಿನ ಯಾಕೆ ಎಂದು ಅವರು ಕೇಳಿದರು. ಈಗಷ್ಟೇ ಫೋನ್ ಮಾಡಿದ್ದ. “ಸಿಲ್ವಿ, ಗುರುತಿನ ಚೀಟಿ ಅವರ ಮೇಜಿನ ಮ್ಯಾಲೆ ಇಟ್ಟ ಬಂದೇನಿ. ಘಟ್ಟ ಹತ್ತಾಕತ್ತೇವಿ. ಕುಂದ್ರಾಕ ಜಾಗಾ ಸಿಕ್ಕಿಲ್ಲ, ಇರ್ಲಿ ಬಿಡು. ಜ್ಯೂಲಿ ಅಳಾಕತ್ತಾಳೇನ?” ಆದ್ದರಿಂದ ಶುಕ್ರವಾರದಿಂದ ಒಬ್ಬ ಅನುಭವಸ್ಥ ಕೆಲಸಗಾರ ಖಾಲಿ ಇದ್ದಾನೆ. ಊರು ಊರುಗಳ ನಡುವಿನ ದೂರವನ್ನು ಚಿತ್ರ ನೋಡಿ ಅಲ್ಲ, ನಿಂತು ಪ್ರಯಾಣ ಮಾಡಿ ತಿಳಿದವನು. ತಮ್ಮಲ್ಲಿ ಅಂಥವರ ಕೊರತೆ ಇದ್ದಂತೆ ಕಾಣುತ್ತದೆ. ಸಂದರ್ಶನಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಿ. ಗುರುವಾರ ಬೆಳಿಗ್ಗೆ ನಾಲ್ಕರಿಂದ ಎಂಟರವರೆಗೆ ಮಾತ್ರ ಮಾಡಬೇಡಿ, ಆಗ ಅವನ ಎರಡೂ ಕೈ ಖಾಲಿ ಇರುವುದಿಲ್ಲ.